ಈಶ್ವರ ಸಂವತ್ಸರ ದಾಟದ ಕಂಪ್ಯೂಟರು

ಹಳೆಯ ಕಂಪ್ಯೂಟರು ಕೊಳ್ಳಲು ಬರುವವರಿಗೆ ನಾನು ಮೊದಲು ಹೇಳುವುದು ಒಂದೇ: ಪೆಟ್ಟಿಗೆ ನೋಡಬೇಡಿ, ಪರದೆಯ ಮೂಲೆ ನೋಡಿ. ಕೆಳಗಿನ ಬಲಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಏನಾದರೂ ಬರೆದಿದ್ದರೆ ಅದೇನೆಂದು ಕೇಳಿ, ಉತ್ತರ ಬಂದ ಮೇಲೆ ಚೌಕಾಸಿಗೆ ಇಳಿಯಿರಿ. ಈ ಬುದ್ಧಿ ನನಗೆ ಬಂದದ್ದು ಮೊಳಕಾಲ್ಮೂರಿನಲ್ಲಿ, ಒಂದು ಜೋಡಿ ಹಂಸದ ದೆಸೆಯಿಂದ.

ಹಂಸವೆಂದರೆ ಸೀರೆಯ ಅಂಚಿನ ಹಂಸ. ಎರಡು ಸಾವಿರದ ಎರಡನೇ ಇಸವಿ, ಆಷಾಢ ಮುಗಿಯುತ್ತ ಬಂದಿತ್ತು. ಚಳ್ಳಕೆರೆಯ ನನ್ನ ಅಂಗಡಿಯಲ್ಲಿ ಎಣ್ಣೆ ಮಿಲ್ಲಿನ ಸಾಹುಕಾರರ ಕೀಬೋರ್ಡು ಬಿಚ್ಚಿ, ಒಳಗೆ ಸೇರಿದ್ದ ಕಡ್ಲೆಕಾಯಿ ಸಿಪ್ಪೆ ಉದುರಿಸುತ್ತಿದ್ದೆ. ಮೊಳಕಾಲ್ಮೂರಿನಿಂದ, ನಾನು ಅಕ್ಕ ಎಂದು ಕರೆಯುವ ಗಿರಾಕಿಯೊಬ್ಬರ ಫೋನ್ ಬಂತು.

"ತಮ್ಮಾ, ನಿನ್ ಕಂಪ್ಯೂಟರು ಕಟಕಟ ಅಂತೈತೆ, ಬೆಳಗ್ಗೆಯಿಂದ ಅದ್ರೊಳಗೆ ಯಾರೋ ಕೂತು ಕಡ್ಲೆಕಾಯಿ ಸುಲಿದಂಗೆ. ಬಂದು ನೋಡ್ತೀಯೋ, ನಾನೇ ಬಿಚ್ಲೋ?"

ಬಿಚ್ಚಬೇಡಿ, ಬಂದೆ ಎಂದೆ. ಆ ಸದ್ದು ನನಗೆ ಗೊತ್ತು. ಹಾರ್ಡ್ ಡಿಸ್ಕು ಕೊನೆಯುಸಿರು ಎಳೆಯುವಾಗ ಬರುವ ಸದ್ದು ಅದು.

ಅಕ್ಕ ರೇಷ್ಮೆ ಸೀರೆಗಳಿಗೆ ನಕ್ಷೆ ಬರೆಯುವವರು. ಮೊದಲು ಚೌಕುಳಿ ಕಾಗದದ ಮೇಲೆ ಒಂದೊಂದೇ ಮನೆ ತುಂಬಿ ಬರೆಯುತ್ತಿದ್ದರು. ಆಮೇಲೆ ಕಂಪ್ಯೂಟರಿಗೆ ಬಂದರು. ಅವರು ಬರೆದ ಹಂಸವನ್ನು ಕಂಪ್ಯೂಟರು ಪಕ್ಕದ ಯಂತ್ರಕ್ಕೆ ಹೇಳುತ್ತದೆ, ಆ ಯಂತ್ರ ಉದ್ದನೆಯ ರಟ್ಟಿನ ಕಾರ್ಡುಗಳ ಮೇಲೆ ತೂತು ಹೊಡೆಯುತ್ತದೆ. ಕಾರ್ಡುಗಳನ್ನು ಪೋಣಿಸಿ ಮಗ್ಗದ ತಲೆಯ ಮೇಲೆ ಏರಿಸಿದರೆ, ಯಾವ ಎಳೆ ಏಳಬೇಕು ಯಾವುದು ಮಲಗಬೇಕು ಎಂದು ತೂತುಗಳೇ ತೀರ್ಮಾನಿಸುತ್ತವೆ. ಕಾರ್ಡು ಇಲ್ಲದೆ ಮಗ್ಗ ನಡೆದರೆ ಬರೀ ಬಟ್ಟೆ ಬರುತ್ತದೆ, ಹಂಸ ಬರುವುದಿಲ್ಲ.

ಶ್ರಾವಣದ ಮೊದಲ ಸೋಮವಾರದೊಳಗೆ ಹಂಸದ ಅಂಚಿನ ಕಾರ್ಡು ಬೇಕೆಂದು ಜವಳಿ ಸಾಹುಕಾರರೊಬ್ಬರು ಅಕ್ಕನಿಗೆ ಹೇಳಿದ್ದರು. ಆಗದಿದ್ದರೆ ನಕ್ಷೆಯ ಕೆಲಸ ಧರ್ಮಾವರಕ್ಕೆ. ನೇಕಾರರು ಮಗ್ಗಕ್ಕೆ ಹಾಸಿನ ಎಳೆ ಹೂಡಿಕೊಂಡು ಕೂತಿದ್ದರು. ಈ ಒಂದು ಅಂಚು ಕೈತಪ್ಪಿದರೆ ಮುಂದಿನ ಅಂಚುಗಳೂ ಅದೇ ಬಸ್ಸು ಹತ್ತುತ್ತವೆ ಎಂದು ಅಕ್ಕನಿಗೆ ಗೊತ್ತಿತ್ತು. ಅವರ ಮನೆ ನಡೆಯುವುದು ಅದರಿಂದಲೇ.

ನನ್ನ ಕುತ್ತಿಗೆಯೂ ಅಲ್ಲೇ ಸಿಕ್ಕಿಕೊಂಡಿತ್ತು. ವ್ಯಾಪಾರದಲ್ಲಿ ನನ್ನದೊಂದು ಪದ್ಧತಿ. ಬೆಲೆ ಇಳಿಸುವುದಿಲ್ಲ, ಕೊಸರು ಕೊಡುತ್ತೇನೆ. ಸಂತೆಯಲ್ಲಿ ಸೇರು ಅಳೆದ ಮೇಲೆ ಒಂದು ಹಿಡಿ ಹೆಚ್ಚಿಗೆ ಹಾಕುತ್ತಾರಲ್ಲ, ಹಾಗೆ. ನೀವೂ ಅಂಗಡಿ ಇಟ್ಟರೆ ಇದನ್ನೇ ಮಾಡಿ. ಇಳಿಸಿದ ಬೆಲೆಯನ್ನು ಗಿರಾಕಿ ಮರುದಿನವೇ ಮರೆಯುತ್ತಾನೆ, ಕೊಸರನ್ನು ಮರೆಯುವುದಿಲ್ಲ. ಕಂಪ್ಯೂಟರು ಮಾರಿದಾಗ ಅಕ್ಕನಿಗೆ ಕೊಸರಾಗಿ ಒಂದು ಮಾತು ಕೊಟ್ಟಿದ್ದೆ: "ನಾನಿರೋವರೆಗೂ ನಿಮ್ ಮೆಷಿನ್ ನಿಲ್ಲಲ್ಲ ಅಕ್ಕಾ." ಮಾತು ಕೊಸರು ಕೊಡಬೇಡಿ. ಮೌಸಿನ ಕೆಳಗೆ ಹಾಸುವ ಬಟ್ಟೆ ಕೊಡಿ.

ಹೊಸ ಡಿಸ್ಕು, ಅಂಗಡಿಯಲ್ಲಿ ಕೊಂಡ ವಿಂಡೋಸ್ ತೊಂಬತ್ತೆಂಟರ ಸಿ.ಡಿ. ಕಟ್ಟಿಕೊಂಡು ಬಳ್ಳಾರಿ ಬಸ್ಸು ಹತ್ತಿದೆ. ತಳುಕು ದಾಟುವ ಹೊತ್ತಿಗೆ ಮನಸ್ಸಿನಲ್ಲೇ ಕೆಲಸ ಮುಗಿಸಿ, ಮಧ್ಯಾಹ್ನದ ಬಸ್ಸಿಗೆ ವಾಪಸ್ಸೂ ಆಗಿದ್ದೆ.

ಡಿಸ್ಕು ಸತ್ತಿತ್ತು. ನಕ್ಷೆಗಳು ಮಾತ್ರ ಬದುಕಿದ್ದವು. ಅಕ್ಕ ಪ್ರತಿಯೊಂದನ್ನೂ ಫ್ಲಾಪಿಗೆ ಇಳಿಸಿ, ರೇಷ್ಮೆ ಸೀರೆ ಇಡುವ ಟ್ರಂಕಿನಲ್ಲಿ ಒಣಗಿದ ಬೇವಿನೆಲೆಯ ನಡುವೆ ಇಟ್ಟಿದ್ದರು. ತೂತು ಹೊಡೆಯುವ ಯಂತ್ರಕ್ಕೂ ಕಂಪ್ಯೂಟರಿಗೂ ಮಾತು ಕೂಡಿಸುವ ಡ್ರೈವರ್ ಎಂಬ ತಂತ್ರಾಂಶದ ಫ್ಲಾಪಿಯೂ ಅಲ್ಲೇ ಇತ್ತು. ಹೊಸ ಡಿಸ್ಕು ಕೂಡಿಸಿ, ಸಿ.ಡಿ. ಹಾಕಿದೆ. ವಿಂಡೋಸ್ ಸಲೀಸಾಗಿ ಇಳಿಯಿತು. ಡ್ರೈವರ್ ಹಾಕಿದೆ. ಹಂಸವನ್ನು ತೆರೆದು, ಹೊಡಿ ಎಂದು ಅಪ್ಪಣೆ ಕೊಟ್ಟೆ.

ಯಂತ್ರ ಹೊಡೆಯಿತು. ಇರುವ ಜಾಗದಲ್ಲೆಲ್ಲ ಹೊಡೆಯಿತು. ಅಕ್ಕ ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿದರು.

"ಹಂಸ ಎಲ್ಲೈತಪ್ಪ ಇದ್ರಲ್ಲಿ?"

"ಬರ್ತೈತೆ ಅಕ್ಕಾ, ಇದು ಟ್ರಯಲ್ಲು."

"ನಂಗೆ ಜರಡಿ ಬೇಕಿದ್ರೆ ಸಂತೇಲಿ ತಗೊಂತಿದ್ದೆ."

ಮಧ್ಯಾಹ್ನದ ಬಸ್ಸು ಹೋಯಿತು. ಕೇಬಲ್ ಬದಲಿಸಿದೆ. ಪೋರ್ಟಿನ ವಿಳಾಸ ತಿದ್ದಿದೆ. ಯಂತ್ರಕ್ಕೆ ಸಂಪರ್ಕ ಕೊಡುವ ಸರ್ಕ್ಯೂಟ್ ಬೋರ್ಡನ್ನು ಕಂಪ್ಯೂಟರಿನೊಳಗೆ ಒಂದು ಕಿಂಡಿಯಿಂದ ಕಿತ್ತು ಪಕ್ಕದ ಕಿಂಡಿಗೆ ಕೂಡಿಸಿದೆ. ವಿಂಡೋಸನ್ನೇ ಅಳಿಸಿ ಮತ್ತೆ ಹಾಕಿದೆ. ಹಿಂದಿನ ತೊಂಬತ್ತೈದನ್ನೂ ಹಾಕಿ ನೋಡಿದೆ. ಅದರಲ್ಲಿ ಯಂತ್ರ ಅಲುಗಲೇ ಇಲ್ಲ. ತೊಂಬತ್ತೆಂಟರಲ್ಲಿ ಜರಡಿ, ತೊಂಬತ್ತೈದರಲ್ಲಿ ಮೌನ. ವಿಚಾರಿಸಲು ಬಂದ ನೇಕಾರರು ಜಗಲಿಯ ಮೇಲೆ ಕೂತು ತೆಲುಗಿನಲ್ಲಿ ನನ್ನ ಬಗ್ಗೆ ಮಾತಾಡಿಕೊಂಡರು. ನನಗೆ ತೆಲುಗು ಬರುತ್ತದೆಂದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಇದ್ದದ್ದೇ ಒಳ್ಳೆಯದಾಯಿತು, ನಿಜ ತಿಳಿಯಿತು.

ಮರುದಿನ ಎಸ್ಟಿಡಿ ಬೂತಿಗೆ ಹೋಗಿ, ಆ ಯಂತ್ರವನ್ನು ಹಿಂದೆ ಕೂಡಿಸಿಕೊಟ್ಟಿದ್ದ ಬೆಂಗಳೂರಿನ ಇಂಜಿನಿಯರಿಗೆ ಫೋನ್ ಹಚ್ಚಿದೆ. ಅವರ ಕಂಪನಿ ಮುಚ್ಚಿಹೋಗಿ ಬಹಳ ಕಾಲವಾಗಿತ್ತು. ಆದರೂ ಸಮಾಧಾನದಿಂದ ಕೇಳಿದರು. ಹಳೆಯ ಡಿಸ್ಕಿನಲ್ಲಿ ಯಾವ ವಿಂಡೋಸ್ ಇತ್ತು ಎಂದರು. ತೊಂಬತ್ತೆಂಟರ ಹಾಗೇ ಕಾಣುತ್ತಿತ್ತು, ಮೂಲೆಯಲ್ಲಿ ಮಾತ್ರ ಏನೋ ಇಂಗ್ಲಿಷಿನ ಸಾಲು, ಅದರ ಪಕ್ಕ ನಂಬರು ಇತ್ತು, ನಾನದನ್ನು ಅಲಂಕಾರ ಅಂದುಕೊಂಡಿದ್ದೆ ಎಂದೆ.

ನಂಬರು ಎಷ್ಟೆಂದು ಕೇಳಿ, ನಾನು ನೆನಪಿನಿಂದ ಹೇಳಿದ್ದನ್ನು ಬರೆದುಕೊಂಡರು.

"ದೀಪಾವಳಿ ಹೊತ್ತಿಗೆ ಅದು ನಿಂತುಹೋಗ್ತಿತ್ತಾ?" ಎಂದರು ಮೆಲ್ಲಗೆ.

ಹೌದು. ಮಾರಿದ ವರ್ಷವೇ, ಅಂದರೆ ತೊಂಬತ್ತೇಳರ ದೀಪಾವಳಿಗೆ ಸರಿಯಾಗಿ ಅದು ಅವಧಿ ಮುಗಿಯಿತೆಂದು ಹೇಳಿ ಬಾಗಿಲು ಹಾಕಿತ್ತು. ನಾನು ಕಂಪ್ಯೂಟರಿನ ಗಡಿಯಾರವನ್ನು ಯುಗಾದಿಗೆ ಹಿಂದೆ ತಿರುಗಿಸಿದ್ದೆ. ಎದ್ದು ಕೂತಿತು. ಅಂದಿನಿಂದ ಅಕ್ಕ ಅದನ್ನೇ ಮಾಡಿಕೊಂಡು ಬಂದಿದ್ದರು: ಕಂಪ್ಯೂಟರಿಗೆ ದೀಪಾವಳಿ ಬಂದಾಗಲೆಲ್ಲ ಮತ್ತೆ ಯುಗಾದಿ. ಆ ಕಂಪ್ಯೂಟರು ಒಂದು ಸಂಕ್ರಾಂತಿಯನ್ನೂ ಕಂಡಿರಲಿಲ್ಲ.

ಇಂಜಿನಿಯರು ಬಿಡಿಸಿ ಹೇಳಿದರು. ತೊಂಬತ್ತೆಂಟರ ವಿಂಡೋಸನ್ನು ಮಾರುಕಟ್ಟೆಗೆ ಬಿಡುವ ಮುಂಚೆ, ತಪ್ಪು ಹುಡುಕಲೆಂದು ಕೆಲವರಿಗಷ್ಟೇ ಹಂಚಿದ ಪ್ರತಿ ಅದು. ಮಾರಲಿಕ್ಕೆ ಅಲ್ಲ, ಉಳಿಸಿಕೊಳ್ಳಲಿಕ್ಕೂ ಅಲ್ಲ. ಅದಕ್ಕೇ ಒಳಗೊಂದು ಗಡುವು. ಅಂಥ ಪ್ರತಿಗಳು ಹಲವು ಬಂದು ಹೋದವು, ಒಂದರಂತೆ ಇನ್ನೊಂದಿಲ್ಲ. ತಮ್ಮ ಕಂಪನಿಯ ಡ್ರೈವರ್ ಹೇಗೋ ಆ ಒಂದು ಪ್ರತಿಯಲ್ಲಿ ಮಾತ್ರ ಸರಿಯಾಗಿ ನಡೆದಿತ್ತು. ಬೇರೆಯದಕ್ಕೆ ತಿದ್ದುವಷ್ಟರಲ್ಲಿ ಕಂಪನಿಯೇ ಮುಚ್ಚಿತು. ಕೊನೆಗೆ ಸ್ವಲ್ಪ ನಾಚಿಕೆಯಿಂದ ಎಂಬಂತೆ, ತಾವು ಇಂಥ ಹೊರಬರದ ಪ್ರತಿಗಳನ್ನು ಕೂಡಿಡುವವರು, ಬೇರೆ ಬೇರೆ ದೇಶದಲ್ಲೂ ಅಂಥವರಿದ್ದಾರೆ, ಆ ನಂಬರಿನದು ಯಾರ ಹತ್ತಿರವೂ ಇರುವುದನ್ನು ಕೇಳಿಲ್ಲ ಎಂದರು.

"ಇನ್ನೊಂದು ಕಾಪಿ ಎಲ್ಲಾದ್ರೂ ಸಿಗುತ್ತಾ?" ಎಂದು ಅವರೇ ಕೇಳಿದರು.

ಫೋನಿನ ಆ ಕಡೆಯವನು ಉಸಿರು ಬಿಗಿಹಿಡಿದು ಕೇಳಿದರೆ ತಕ್ಷಣ ಉತ್ತರ ಕೊಡಬಾರದು. ನೋಡ್ತೀನ್ರಿ ಎಂದು ಇಟ್ಟೆ. ಎಲ್ಲಿದೆ ಎಂದು ನನಗೆ ಆಗಲೇ ಹೊಳೆದಿತ್ತು.

ಬೆಂಗಳೂರಿನ ಒಂದು ಆಫೀಸು ಖಾಲಿಯಾದಾಗ ಅವಳಿ ಮಕ್ಕಳಂಥ ಎರಡು ಕಂಪ್ಯೂಟರನ್ನು ಒಟ್ಟಿಗೆ ಎತ್ತಿಕೊಂಡು ಬಂದಿದ್ದೆ. ಒಂದು ಅಕ್ಕನಿಗೆ ಹೋಯಿತು. ಇನ್ನೊಂದನ್ನು ಚಳ್ಳಕೆರೆಯಲ್ಲೇ ಜಾತಕ ಬರೆಯುವ ಜೋಯಿಸರಿಗೆ ಮಾರಿದ್ದೆ. ಅದಕ್ಕೂ ದೀಪಾವಳಿಯ ರೋಗವೇ, ಯುಗಾದಿಯ ಮದ್ದೇ. ಆಮೇಲೆ ಜೋಯಿಸರು ಒಂದು ದಿನವೂ ರಿಪೇರಿಗೆ ಕರೆದಿರಲಿಲ್ಲ. ರಿಪೇರಿಗೆ ಕರೆಯದ ಗಿರಾಕಿಯ ಮೇಲೆ ಒಂದು ಕಣ್ಣಿಡಿ. ಅವನಿಗೆ ನಿಮಗೆ ಗೊತ್ತಿಲ್ಲದ ಲಾಭವೇನೋ ಸಿಕ್ಕಿರುತ್ತದೆ.

ಚಳ್ಳಕೆರೆಗೆ ವಾಪಸ್ಸಾಗಿ ಹೋದರೆ ಜೋಯಿಸರ ಮನೆ ಮುಂದೆ ಚಪ್ಪಲಿಗಳ ಸಾಲು. ನನ್ನಿವಾಳದ ಕಡೆಯಿಂದ ಬಂದಿದ್ದ ರೈತರೊಬ್ಬರು ಎದುರಿಗೆ ಕೂತಿದ್ದರು. ಜೋಯಿಸರು ಅವರ ಜನ್ಮದಿನ ಒತ್ತಿ, 'ಮುಂದಿನ ಐದು ವರ್ಷದ ಫಲ' ಎಂಬುದನ್ನು ತೆರೆದು ಓದತೊಡಗಿದರು. ನೀರಿಗೆ ತೊಂದರೆ. ದಾಯಾದಿ ಕಲಹ. ಮಗಳ ಲಗ್ನ. ರೈತರು ಒಂದೊಂದಕ್ಕೂ ತಲೆಯಾಡಿಸಿದರು: ಹೌದು ಸ್ವಾಮಿ, ಬೋರ್ ಬತ್ತಿತು, ಹೌದು, ತಮ್ಮ ಬೇರೆಯಾದ, ಹೌದು, ಮಗಳ ಮದುವೆ ಹೋದ ವರ್ಷ ಆಯಿತು. ಕೈಮುಗಿದು ಎದ್ದುಹೋದರು.

ನಾನು ಪರದೆಯ ಮೂಲೆ ನೋಡಿದೆ. ತೊಂಬತ್ತೇಳನೇ ಇಸವಿ, ಜೂನ್ ತಿಂಗಳು, ಪಂಚಾಂಗದವರ ಈಶ್ವರ ಸಂವತ್ಸರ. ಕಂಪ್ಯೂಟರಿನ ಲೆಕ್ಕದಲ್ಲಿ ಮುಂದೆ ಬರುವ ಐದು ವರ್ಷಗಳೆಲ್ಲ ಆಗಲೇ ಬಂದು ಹೋಗಿದ್ದವು.

ಜೋಯಿಸರು ನನ್ನ ಮುಖ ನೋಡಿ ಬಾಗಿಲು ಮುಂದಕ್ಕೆ ಹಾಕಿದರು.

"ಗೊತ್ತಾತೇನು?"

"ಗೊತ್ತಾತ್ರಿ. ಈಶ್ವರ ಸಂವತ್ಸರದಾಗೇ ಕೂತೀರಿ."

"ನಾನು ಕೂತಿಲ್ಲಪ್ಪ, ನೀನು ಕೂಡಿಸಿದ್ದು. ಮೊದಮೊದ್ಲು ನಂಗೂ ತಿಳೀಲಿಲ್ಲ. ಉಳಿದೋರು ಮುಂದಿಂದು ಹೇಳ್ತಾರೆ, ಅದನ್ನ ಪರೀಕ್ಷೆ ಮಾಡೋರು ಯಾರು? ನಂದು ಕೂತಲ್ಲೇ ತಾಳೆ ಆಗ್ತೈತೆ. ನಂಬಿಕೆ ಬಂದ ಮೇಲೆ ಮುಂದಿಂದನ್ನ ನಾನೇ ಪಂಚಾಂಗ ನೋಡಿ ಬಾಯಲ್ಲಿ ಹೇಳ್ತೀನಿ. ಅದ್ರಲ್ಲಿ ಮೋಸ ಇಲ್ಲ."

ನಾನು ಬಂದ ಕಾರಣ ಹೇಳಿದೆ: ಇಡೀ ಡಿಸ್ಕಿನ ನಕಲು ಬೇಕು, ಸೀರೆ ಅಂಚಿನ ಕೆಲಸಕ್ಕೆ. ಅವರು ಷರತ್ತು ಹಾಕಿದರು. ಗಡಿಯಾರವನ್ನು ಮುಟ್ಟಕೂಡದು. ತಾರೀಖಿನ ವಿಷಯ ಯಾರಿಗೂ ಹೇಳಕೂಡದು. ನಕಲಿನಲ್ಲಿ ಯಾರೂ ಜಾತಕ ಬರೆಯಕೂಡದು. ರಾಹುಕಾಲದಲ್ಲಿ ಶುರು ಮಾಡಕೂಡದು. ನಾನು ಕೊನೆಯದರ ಮೇಲೆ ಮಾತ್ರ ಚೌಕಾಸಿ ಮಾಡಿದೆ. ಹಾಗೆ ಮಾಡಿದರೆ ಎದುರಿನವರಿಗೆ ಉಳಿದದ್ದೆಲ್ಲ ಗೆದ್ದ ಸಂತೋಷ ಇರುತ್ತದೆ. ಕೊನೆಯದನ್ನೂ ಅವರೇ ಗೆದ್ದರು.

ರಾಹುಕಾಲ ಮುಗಿದ ಮೇಲೆ ಅವರ ಡಿಸ್ಕನ್ನು ಯಜಮಾನನಾಗಿ, ನನ್ನದನ್ನು ಆಳಾಗಿ ಜಂಪರ್ ಎಂಬ ಸಣ್ಣ ಕೊಂಡಿ ಕೂಡಿಸಿ ನಕಲು ಹಚ್ಚಿದೆ. ಅರ್ಧಕ್ಕೆ ಕರೆಂಟು ಹೋಯಿತು. ಬಂತು. ಮೊದಲಿಂದ ಹಚ್ಚಿದೆ. ಮತ್ತೆ ಹೋಯಿತು. ಆ ದಿನಗಳಲ್ಲಿ ಚಳ್ಳಕೆರೆಯ ಕರೆಂಟಿಗೂ ಒಂದು ರಾಹುಕಾಲ ಇರುತ್ತಿತ್ತು. ಅದು ಮಾತ್ರ ಯಾವ ಪಂಚಾಂಗದಲ್ಲೂ ಇರಲಿಲ್ಲ. ಯಜಮಾನ ಡಿಸ್ಕು ಹೀಗೆ ಪದೇ ಪದೇ ನಿಂತು ಏಳುತ್ತಿದ್ದರೆ ಅದೂ ಕಟಕಟ ಹಿಡಿಯುತ್ತದೆಂಬ ಭಯ ನನಗೆ. ಅದು ಹೋದರೆ ಎರಡು ಮನೆ ಮುಳುಗುತ್ತವೆ.

ನಿಲ್ಲಿಸಿದೆ. ಎಣ್ಣೆ ಮಿಲ್ಲಿನಲ್ಲಿ ಜನರೇಟರ್ ಇತ್ತು, ಸಾಹುಕಾರರ ಕೀಬೋರ್ಡು ನನ್ನ ಅಂಗಡಿಯಲ್ಲಿ ಬಿಚ್ಚಿಬಿದ್ದಿತ್ತು. ಅದನ್ನು ಜೋಡಿಸಿ ಒಯ್ದು ಕೊಟ್ಟು, ಬದಲಿಗೆ ಒಂದು ಮಧ್ಯಾಹ್ನದ ಜನರೇಟರ್ ಕೇಳಿದೆ. ಒಪ್ಪಿದರು. ಜೋಯಿಸರು ಕಂಪ್ಯೂಟರನ್ನು ನನ್ನ ಕೈಗೆ ಕೊಡಲಿಲ್ಲ. ಮಡಿಪಂಚೆಯಲ್ಲಿ ಸುತ್ತಿ, ಆಟೋದಲ್ಲಿ ತೊಡೆಯ ಮೇಲೆ ಕೂಡಿಸಿಕೊಂಡು ಬಂದರು. ದಾರಿಯಲ್ಲಿ ಸಿಕ್ಕವರು, ಯಾವ ದೇವ್ರು ಸ್ವಾಮಿ ಎಂದು ಕೇಳಿ ಕೈಮುಗಿದರು. ಹಿಂಡಿಯ ಮೂಟೆಗಳ ನಡುವೆ ಕೂತು ನಕಲು ಮುಗಿಸಿದೆವು. ಜೋಯಿಸರ ಪಂಚೆಗೆ ಹಿಡಿದ ಕಡ್ಲೆ ಎಣ್ಣೆ ವಾಸನೆ ಹೋಗಲಿಲ್ಲವೆಂದು ಅವರು ಇಂದಿಗೂ ಹೇಳುತ್ತಾರೆ.

ಸೋಮವಾರಕ್ಕೆ ಮುಂಚಿನ ದಿನ ಮೊಳಕಾಲ್ಮೂರಿನಲ್ಲಿ ಡಿಸ್ಕು ಕೂಡಿಸಿದೆ. ಪರದೆ ಬೆಳಗಿತು. ಮೊದಲು ಬಂದದ್ದು ಗಣಪತಿಯ ಚಿತ್ರ, ಕೆಳಗೆ 'ಶ್ರೀ ಗಣೇಶಾಯ ನಮಃ'. ಇಡೀ ಡಿಸ್ಕನ್ನೇ ನಕಲು ಮಾಡಿದ್ದರಿಂದ ಜೋಯಿಸರ ಜಾತಕದ ತಂತ್ರಾಂಶವೂ ಜೊತೆಗೇ ಬಂದಿತ್ತು, ಕಂಪ್ಯೂಟರು ಎದ್ದ ಕೂಡಲೇ ತಾನಾಗಿ ತೆರೆಯುತ್ತಿತ್ತು. ಅಕ್ಕ ಕೈ ಮುಗಿದರು. ನಾನು ಅದನ್ನು ಸರಿಸಿ, ಟ್ರಂಕಿನ ಡ್ರೈವರ್ ಹಾಕಿ, ಹಂಸ ತೆರೆದೆ.

ಯಂತ್ರ ಒಂದು ಸಲ ಕೆಮ್ಮಿ ಶುರುವಾಯಿತು. ಅಕ್ಕ ಮೊದಲ ಕಾರ್ಡನ್ನು ಬೆಳಕಿಗೆ ಹಿಡಿದರು, ಎರಡನೆಯದನ್ನೂ ಹಿಡಿದರು. ಮೂರನೆಯದನ್ನು ನೋಡದೆಯೇ ಪಕ್ಕಕ್ಕಿಟ್ಟು, ಒಳಗೆ ಹೋಗಿ ನನಗೆ ಮಂಡಕ್ಕಿ ತಂದರು. ಸಂಜೆಯ ಹೊತ್ತಿಗೆ ಜಗಲಿಯ ಮೇಲಿದ್ದ ನೇಕಾರರು ಕಾರ್ಡಿನ ಸರಗಳನ್ನು ಹೆಗಲಿಗೆ ಹಾಕಿಕೊಂಡು ಮನೆಗೆ ಹೋದರು. ಹಂಸ ಧರ್ಮಾವರಕ್ಕೆ ಹಾರಲಿಲ್ಲ.

ಹೊರಡುವಾಗ ಆ ಜಾತಕದ ತಂತ್ರಾಂಶ ಅಳಿಸಲು ಕೂತೆ. ಅಕ್ಕ ತಡೆದರು.

"ಮನೆಗೆ ಬಂದ ಗಣಪನ್ನ ಎಬ್ಬಿಸಿ ಕಳಿಸ್ತೀಯಾ? ಇರ್ಲಿ ಬಿಡು."

ಬೇಡವೆನ್ನುವ ಮನಸ್ಸು ಬರಲಿಲ್ಲ. ಕೈಮುಗಿಯಿರಿ, ಒಳಗೆ ಹೋಗಬೇಡಿ ಎಂದು ಹೇಳಿ, "ಇದು ನನ್ನ ಕೊಸರು ಅಂತ ಇಟ್ಕಳಿ ಅಕ್ಕಾ" ಎಂದೆ.

ಮಳೆಗಾಲ ಕಳೆದು ದೀಪಾವಳಿಯೂ ಆಯಿತು. ಒಂದು ಬೆಳಗ್ಗೆ ಜೋಯಿಸರು ನನ್ನ ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದರು. ಒಳಗೆ ಬನ್ನಿ ಎಂದರೂ ಬರಲಿಲ್ಲ.

"ಮೊಳಕಾಲ್ಮೂರು ಕಡೆಯೋರು ಬರೋದು ನಿಂತೈತೆ. ಅಲ್ಲೊಬ್ಳು ಹೆಣ್ಮಗಳು ಕಾರ್ಡು ಹೊಡಿಯೋ ಹೊತ್ನಲ್ಲಿ ಜಾತಕ ಹೇಳ್ತಾಳಂತೆ. ಹಂಗೇ ತಾಳೆ ಆಗ್ತೈತಂತೆ. ಮಾತು ಕೊಟ್ಟೋನು ನೀನು."

ನಾನು ಹೋಗಿ ನೋಡಿದೆ. ನಿಜವೇ. ಕಾರ್ಡು ತಯಾರಾಗುವವರೆಗೆ ನೇಕಾರರು ಸುಮ್ಮನೆ ಕೂತಿರಬೇಕಲ್ಲ, ಬೇಸರ ಕಳೆಯಲೆಂದು ಅಕ್ಕ ಒಬ್ಬರ ಹುಟ್ಟಿದ ದಿನ ಒತ್ತಿ ನೋಡಿದ್ದರು. ಆ ಮನೆಯ ಮಗ್ಗ ಮುರಿದದ್ದು, ಮಾವ ತೀರಿಕೊಂಡದ್ದು ಎಲ್ಲ ಅದರಲ್ಲಿತ್ತು. ಆಮೇಲೆ ಅಂಚೇ ಬೇಡದವರೂ ಬರತೊಡಗಿದರು. ಜವಳಿ ಸಾಹುಕಾರರ ಹೊಸ ಅಂಚು, ಒಂದು ಗಂಡಭೇರುಂಡ, ಅರ್ಧ ಬರೆದು ನಿಂತಿತ್ತು. ಅಕ್ಕನಿಗೆ ಬೇಡವೆಂದು ಹೇಳಬೇಕಾದರೆ ಕಾರಣ ಹೇಳಬೇಕು, ಕಾರಣ ಹೇಳಿದರೆ ಜೋಯಿಸರ ಗುಟ್ಟು ಬಿಟ್ಟುಕೊಡಬೇಕು. ಹೇಳದೆ ಅಳಿಸಿದರೆ ಗಣಪತಿಯನ್ನು ಎಬ್ಬಿಸಿದ ಪಾಪ. ಬೆಕ್ಕು ಹಾಲಿನ ಪಾತ್ರೆ ಸುತ್ತಿದ ಹಾಗೆ ನಾನು ಆ ಕಂಪ್ಯೂಟರನ್ನು ಸುತ್ತಿದೆ.

ಬಸ್ಸಿನಲ್ಲಿ ವಾಪಸ್ಸು ಬರುವಾಗ ದಾರಿ ಕಂಡಿತು. ಇಂಜಿನಿಯರು ಅಷ್ಟು ಹೊತ್ತಿಗೆ ಎಷ್ಟೋ ಸಲ ಫೋನ್ ಮಾಡಿದ್ದರು, ನಾನು ನೋಡ್ತೀನಿ, ಸಿಗಬಹುದು ಎಂದು ಹಣ್ಣು ಮಾಗಲು ಬಿಟ್ಟಿದ್ದೆ. ಅಂದೇ ಫೋನ್ ಮಾಡಿದೆ: ಕಾಪಿ ಐತೆ, ಬನ್ನಿ. ಬದಲಿಗೆ ಅಕ್ಕನ ಕಂಪ್ಯೂಟರಿನೊಳಗಿನ ಗಡುವು ಕಿತ್ತುಹಾಕಿಕೊಡಬೇಕು, ತಾರೀಖು ಏನೇ ಇದ್ದರೂ ಅದು ನಡೆಯಬೇಕು. ಅವರು ಮರುದಿನವೇ ಮೊಳಕಾಲ್ಮೂರಿಗೆ ಬಂದಿಳಿದರು. ಪರದೆಯ ಮೂಲೆಯ ನಂಬರನ್ನು ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದರು. ಇಂಥದನ್ನು ಇದ್ದ ಹಾಗೇ ಇಡಬೇಕು, ತಿದ್ದಿದರೆ ಬೆಲೆ ಹೋಗುತ್ತದೆ ಎಂದು ಗೋಗರೆದರು. ನಿಮ್ಮ ಕಾಪಿ ಇದ್ದ ಹಾಗೇ ಇಟ್ಟುಕೊಳ್ಳಿ, ಅಕ್ಕನದನ್ನು ತಿದ್ದಿ ಎಂದೆ. ಮೊದಲು ತಮಗೊಂದು ಪ್ರತಿ ತೆಗೆದುಕೊಂಡರು, ಆಮೇಲೆ ಒಂದು ಕಡತ ತೆರೆದು ಅದರೊಳಗಿನ ಒಂದೆರಡು ಅಂಕಿ ಬದಲಿಸಿದರು. ನಾನು ಅಕ್ಕನ ಗಡಿಯಾರವನ್ನು ಆ ದಿನದ ತಾರೀಖಿಗೆ ತಿರುಗಿಸಿದೆ. ಕಂಪ್ಯೂಟರು ಒಂದೇ ನೆಗೆತಕ್ಕೆ ಐದು ವರ್ಷ ದಾಟಿತು. ಹಂಸ ಹೊಡೆದು ನೋಡಿದೆವು, ಹಂಸವೇ ಬಂತು.

"ಇನ್ಮೇಲೆ ದೀಪಾವಳಿಗೆ ತಿರುಗಿಸೋ ಕೆಲಸ ಇಲ್ಲ ಅಕ್ಕಾ, ತಾರೀಖು ಸರಿ ಆತು" ಎಂದೆ. ಸುಳ್ಳೇನೂ ಹೇಳಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಜೋಯಿಸರ ಮನೆ ಮುಂದೆ ಮೊಳಕಾಲ್ಮೂರಿನ ಚಪ್ಪಲಿಗಳು ಮತ್ತೆ ಕಂಡವು. ನೇಕಾರರು ಏನೆಂದರೆಂಬುದನ್ನು ಅಕ್ಕನೇ ಆಮೇಲೆ ಹೇಳಿದರು: ಮೊದಲು ಮೆಷಿನ್ ಆಗಿದ್ದನ್ನ ಆದಂಗೆ ಹೇಳ್ತಿತ್ತು, ಈಗ ಯಾವ್ಯಾವ್ದೋ ಆಗ್ದೇ ಇರೋದನ್ನೆಲ್ಲ ಹೇಳ್ತೈತೆ, ಇದಕ್ಕೆ ತಲೆ ಕೆಟ್ಟೈತೆ. ಗಂಡಭೇರುಂಡದ ಎರಡನೇ ತಲೆ ಆ ತಿಂಗಳೇ ಮುಗಿಯಿತು.

ಅದರ ಕಾರ್ಡು ಹೊಡೆದ ದಿನ ಅಕ್ಕ ಫೋನ್ ಮಾಡಿದರು. ಕೆಲಸ ಚೆನ್ನಾಗಿ ನಡೆಯುತ್ತಿದೆ ಎಂದರು.

"ಕೊಸರು ಕೊಡೋರನ್ನ ಬೇಕಾದಷ್ಟು ನೋಡೀನಿ ತಮ್ಮಾ," ಎಂದರು. "ಕೊಟ್ಟ ಕೊಸರನ್ನ ಗಡಿಯಾರ ತಿರುಗಿಸಿ ವಾಪಸ್ ಇಸ್ಕೊಂಡೋನು ನೀನೊಬ್ನೇ."

ನಾನು ಬಾಯಿ ತೆರೆಯುವಷ್ಟರಲ್ಲಿ, ಅದರ ಬದಲಿಗೆ ಒಂದು ಹೊಸ ಮಾನಿಟರ್ ಕಳಿಸು, ದೊಡ್ಡದು, ಎಂದು ಫೋನ್ ಇಟ್ಟರು. ಬೆಲೆಯ ಮಾತೇ ಬರಲಿಲ್ಲ. ಕಳಿಸಿದೆ.